ಬೆರಳ ತುದಿಗೆ ಅಕ್ಷರವನ್ನಿತ್ತ ಲೂಯಿ ಬ್ರೇಲ್

ಫ್ರಾನ್ಸ್ ದೇಶದ ಪ್ಯಾರಿಸ್ ನಗರಕ್ಕೆ ಅನತಿದೂರದಲ್ಲಿ ಕೂವ್ರೇ ಎಂಬ ಗ್ರಾಮವುಂಟು. ಕುದುರೆಯ ಜೀನು, ಲಗಾಮುಗಳನ್ನು ಮಾಡಿ ಜೀವಿಸುತ್ತಿದ್ದ ಒಬ್ಬ ಕಾಯಕಜೀವಿಯ ಮನೆಯಲ್ಲಿ 1809ನೆಯ ಜನವರಿ 4ರಂದು ಲೂಯಿ ಬ್ರೇಲನು ಜನಿಸಿದನು. ಮೂರು ವರ್ಷದ ಶಿಶುವು ತಂದೆಯ ಕೆಲಸದ ಕೊಠಡಿಯಲ್ಲಿ ಆಡುತ್ತಿರುವಾಗ ತೊಗಲು ಚುಚ್ಚುವ ಹತ್ಯಾರವು ಒಂದು ಕಣ್ಣಿಗೆ ನಾಟಿತು. ಅದರ ನಂಜು ಮತ್ತೊಂದು ಕಣ್ಣಿಗೂ ವ್ಯಾಪಿಸಿ, ಐದು ತುಂಬುವಷ್ಟರಲ್ಲಿ ಬಾಲಕನು ಸಂಪೂರ್ಣ ಅಂಧನಾದನು. ತಂದೆತಾಯಿಗಳು ಅವನನ್ನು ಮೂಲೆಯಲ್ಲಿ ಕುಳ್ಳಿರಿಸದೆ ಊರಿನ ಶಾಲೆಗೇ ಕಳುಹಿದರೆಂಬುದು ಸ್ಮರಣಾರ್ಹ.

1819ರಲ್ಲಿ ಅವನು ಪ್ಯಾರಿಸಿನ ಅಂಧಬಾಲಕರ ವಿದ್ಯಾಲಯವನ್ನು ಸೇರಿದನು. ಅದರ ಸಂಸ್ಥಾಪಕನಾದ ವಾಲೆಂತಿನ್ ಆವಿಯು ಲ್ಯಾಟಿನ್ ಅಕ್ಷರಗಳನ್ನೇ ದೊಡ್ಡದಾಗಿ ಕಾಗದದ ಮೇಲೆ ಉಬ್ಬಿಸಿ ಗ್ರಂಥಗಳನ್ನು ಸಿದ್ಧಪಡಿಸಿದ್ದನು. ಉದ್ದೇಶವು ಪವಿತ್ರವೇ ಸರಿ. ಆದರೆ ಆ ಗ್ರಂಥಗಳು ಬಲು ಭಾರ, ಬಲು ವಿರಳ. ಒಂದೊಂದು ಅಕ್ಷರದ ವಕ್ರರೇಖೆಗಳನ್ನು ತಡವಿ ಗುರುತಿಸುವಷ್ಟರಲ್ಲಿ ವಾಕ್ಯದ ಆದಿಯೇ ಮರೆತುಹೋಗುವುದು. ಮೇಲಾಗಿ, ಓದಬಲ್ಲವನು ತಾನಾಗಿ ಒಂದು ಸಾಲನ್ನೂ ಬರೆಯಲಾರನು. ಕಣ್ಣುಳ್ಳವರು ತಮ್ಮ ಕಣ್ಣಿಗೆ ಒಪ್ಪುವ ಪುಸ್ತಕವನ್ನೇ ಕಣ್ಣಿಲ್ಲದವರಿಗೂ ಕೊಟ್ಟಿದ್ದರು!

1821ರಲ್ಲಿ ಚಾರ್ಲ್ಸ್ ಬಾರ್ಬಿಯೇ ಎಂಬ ಸೇನಾಧಿಕಾರಿಯ ಚುಕ್ಕಿ ಬರಹವು ವಿದ್ಯಾಲಯಕ್ಕೆ ಬಂದಿತು. ಅದರಲ್ಲಿ ಒಂದು ಧ್ವನಿಗೆ ಹನ್ನೆರಡು ಚುಕ್ಕಿಗಳವರೆಗೆ ಬೇಕು. ಒಂದು ಬೆರಳಿನ ತುದಿಗೆ ಅವು ಒಮ್ಮೆಲೇ ನಿಲುಕವು. ಬ್ರೇಲನು ಅವನ್ನು ಆರಕ್ಕೆ ಇಳಿಸಿದನು. ಎರಡು ಸಾಲು, ಸಾಲಿಗೆ ಮೂರು. ಅವುಗಳ ಸಂಯೋಗದಿಂದ 63 ಚಿಹ್ನೆಗಳು. 1824ರಲ್ಲಿ, ಹದಿನೈದರ ಹರೆಯದಲ್ಲಿ, ಈ ಸಾಧನೆ! 1829ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ವಿಚಿತ್ರವೆಂದರೆ, ಹೊಸ ಲಿಪಿಯನ್ನು ವಿವರಿಸುವ ಆ ಗ್ರಂಥವೂ ಹಳೆಯ ಉಬ್ಬಕ್ಷರಗಳಲ್ಲಿಯೇ ಅಚ್ಚಾಯಿತು.

ಅನಂತರ ಅವನು ಅಲ್ಲಿಯೇ ಅಧ್ಯಾಪಕನಾದನು. ದೇವಾಲಯಗಳಲ್ಲಿ ಆರ್ಗನ್ ವಾದಕನೂ ಆಗಿದ್ದನು. 1840ರಲ್ಲಿ ಅಧಿಕಾರಕ್ಕೆ ಬಂದ ದ್ಯುಫೋ ಎಂಬ ನಿರ್ದೇಶಕನು, ಅಂಧರ ಲಿಪಿಯು ಇತರರ ಲಿಪಿಗಿಂತ ಭಿನ್ನವಾಗಿರಬಾರದೆಂದು ಚುಕ್ಕಿ ಬರಹವನ್ನು ನಿಷೇಧಿಸಿದನು. ವಿದ್ಯಾರ್ಥಿಗಳು ಕೇಳುವರೆ? ಗುಟ್ಟಾಗಿ ಬರೆದರು, ಗುಟ್ಟಾಗಿ ಓದಿದರು. ಕಡೆಗೆ ಸಹಾಯಕನಾದ ಗ್ವಾದೇ ಎಂಬಾತನ ಪ್ರಯತ್ನದಿಂದ 1844ರಲ್ಲಿ, ನೂತನ ಕಟ್ಟಡದ ಪ್ರಾರಂಭೋತ್ಸವದಂದು, ಸಭೆಯ ಮುಂದೆ ಆ ಲಿಪಿಯ ಪ್ರದರ್ಶನವು ನಡೆಯಿತು, ನಿಷೇಧವೂ ತೊಲಗಿತು.

ಕ್ಷಯರೋಗಪೀಡಿತನಾದ ಬ್ರೇಲನು 1852ನೆಯ ಜನವರಿ 6ರಂದು ದಿವಂಗತನಾದನು. ಅವನ ದೇಶವು ಆ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದುದು 1854ರಲ್ಲಿ! ನಮ್ಮ ನಾಡಿನ ಭಾಷೆಗಳಿಗೆ ಭಾರತಿ ಬ್ರೇಲ್ ನಿಶ್ಚಿತವಾದುದು 1951ರಲ್ಲಿ; ಕನ್ನಡವೂ ಆ ಆರು ಚುಕ್ಕಿಗಳಲ್ಲಿ ಬಂದಿತು. ಮಸಿಯಲ್ಲಿ ಮಾತ್ರ ಅಚ್ಚಾದ ಗ್ರಂಥವನ್ನು ಅಂಧರಿಗಾಗಿ ಮಾರ್ಪಡಿಸಲು 2012ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯ ಶಾಸನವು ಅನುಮತಿಸಿದೆ. ಅನುಮತಿಯುಂಟು; ಮಾರ್ಪಡಿಸುವ ಕೈಗಳು ಸಾಲವು.

1952ರಲ್ಲಿ ಬ್ರೇಲನ ಅವಶೇಷಗಳನ್ನು ಪ್ಯಾರಿಸಿನ ಪಾಂತೆಯೋನಿಗೆ, ರಾಷ್ಟ್ರದ ಮಹಾಪುರುಷರ ಸಮಾಧಿಮಂದಿರಕ್ಕೆ, ಸಾಗಿಸಿದರು. ಕೈಗಳ ಅಸ್ಥಿಗಳನ್ನು ಮಾತ್ರ ಕೂವ್ರೇ ಗ್ರಾಮದವರು ತಮ್ಮಲ್ಲಿಯೇ ಉಳಿಸಿಕೊಂಡರು.