ಫ್ರಿಟ್ಜ್ ಶ್ಲುಂಫ್‌ನ ರಥಶಾಲೆ

ರಾಜ್ಯಗಳ ಗೆರೆಯು ಅತ್ತಿತ್ತ ಸರಿದರೂ ಊರು ತಾನಿದ್ದಲ್ಲಿಯೇ ಇರುತ್ತದೆಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯೂರೋಪು ಖಂಡದಲ್ಲಿ ಅಂತಹುದೊಂದು ಸೀಮೆ ಆಲ್ಸೇಸ್. ಅದು 1871ರಲ್ಲಿ ಜರ್ಮನಿಗೆ ಸೇರಿತು. 1918ರಲ್ಲಿ ಫ್ರಾನ್ಸಿಗೆ ಮರಳಿತು. 1940ರಲ್ಲಿ ಮತ್ತೆ ಜರ್ಮನರ ವಶವಾಗಿ, ಮಹಾಯುದ್ಧದ ಕೊನೆಯಲ್ಲಿ ಪುನಃ ಫ್ರಾನ್ಸಿನದಾಯಿತು. ಆ ಸೀಮೆಯ ಮ್ಯೂಲೂಸ್ ನಗರವು ನಮ್ಮ ಸೊಲ್ಲಾಪುರದಂತೆಯೇ ಬಟ್ಟೆಗಿರಣಿಗಳಿಂದ ಹೆಸರಾದುದು. ಅಲ್ಲಿ ಗಿರಣಿಯ ಒಡೆಯನಾಗಿ ಮೆರೆದು, ಒಂದು ಮೋಹಕ್ಕೆ ತನ್ನ ಸರ್ವಸ್ವವನ್ನೂ ತೆತ್ತ ಫ್ರಿಟ್ಜ್ ಶ್ಲುಂಫ್‌ನ ಚರಿತ್ರೆಯು ಗಿರಣಿಯೂರಿನವರು ತಿಳಿಯತಕ್ಕದ್ದಾಗಿದೆ.

ಫ್ರಿಟ್ಜನು 1906ರಲ್ಲಿ ಇಟಲಿ ದೇಶದಲ್ಲಿ ಜನಿಸಿದನು. ತಂದೆ ಸ್ವಿಟ್ಜರ್ಲೆಂಡಿನವನು, ತಾಯಿ ಜಾನ್ ಆಲ್ಸೇಸಿನವಳು. ಹಾನ್ಸನೆಂಬುವನು ಆತನಿಗಿಂತ ಎರಡು ವರ್ಷ ಹಿರಿಯನಾದ ಅಣ್ಣ. ಮಕ್ಕಳು ಇನ್ನೂ ಚಿಕ್ಕವರಿರುವಾಗಲೇ ಸಂಸಾರವು ತಾಯಿಯ ತವರಾದ ಮ್ಯೂಲೂಸಿಗೆ ಬಂದು ನೆಲಸಿತು. ಫ್ರಿಟ್ಜನು ಉಣ್ಣೆಯ ವ್ಯಾಪಾರದಲ್ಲಿ ಪಳಗಿದನು. 1935ರಲ್ಲಿ ಅಣ್ಣತಮ್ಮಂದಿರು ಸೇರಿ ಉಣ್ಣೆಯ ಉದ್ಯಮಕ್ಕಾಗಿ ಒಂದು ಕಂಪನಿಯನ್ನು ಸ್ಥಾಪಿಸಿದರು. ಮುಂದೆ ಒಂದರ ಹಿಂದೊಂದಾಗಿ ನೂಲಿನ ಗಿರಣಿಗಳು ಅವರ ಕೈಸೇರಿದುವು. ಕಾಲಕ್ರಮದಲ್ಲಿ ಸುಮಾರು ಎರಡು ಸಾವಿರ ಕಾರ್ಮಿಕರ ಅನ್ನವು ಆ ಗಿರಣಿಗಳನ್ನು ಅವಲಂಬಿಸಿ ನಿಂತಿತು.

ಫ್ರಿಟ್ಜನ ಮನಸ್ಸನ್ನು ಸೆರೆಹಿಡಿದುದು ಬುಗಾಟಿ ಎಂಬ ಮೋಟಾರು ಕಾರು. ಮಿಲಾನಿನಲ್ಲಿ 1881ರಲ್ಲಿ ಹುಟ್ಟಿದ ಎತ್ತೋರೆ ಬುಗಾಟಿಯು 1909ರಲ್ಲಿ ಆಲ್ಸೇಸಿನ ಮೋಲ್ಸ್‌ಹೈಮ್ ಎಂಬಲ್ಲಿ ತನ್ನ ಕಾರ್ಖಾನೆಯನ್ನು ಕಟ್ಟಿದನು. ಕುದುರೆಯ ಲಾಳದ ಆಕಾರದ ಮುಂಭಾಗ, ಹಗುರವಾದ ಒಡಲು, ಶಿಲ್ಪಿಯು ಕಡೆದಂತಹ ಯಂತ್ರ, ಇವು ಆ ಕಾರಿನ ಲಕ್ಷಣಗಳು. 1924ರಲ್ಲಿ ಹೊರಬಂದ ಅದರ 35ನೆಯ ಮಾದರಿಯು ಪಂದ್ಯಗಳಲ್ಲಿ ಗೆಲುವಿನ ಮೇಲೆ ಗೆಲುವನ್ನು ಸಂಪಾದಿಸಿತು. ಅಂತಹ ಕಾರೊಂದನ್ನು ಫ್ರಿಟ್ಜನು ತನ್ನದಾಗಿಸಿಕೊಂಡು ತಾನೇ ಓಡಿಸಿ ಆನಂದಪಟ್ಟನು. ಒಳ್ಳೆಯ ಜೋಡೆತ್ತನ್ನು ಕಟ್ಟಿಕೊಂಡ ರೈತನ ಹಿಗ್ಗನ್ನು ಬಲ್ಲ ನಾವು ಇದನ್ನು ದೋಷವೆನ್ನಲಾರೆವು.

ಎತ್ತೋರೆ ಬುಗಾಟಿಯು 1947ರಲ್ಲಿ ತೀರಿಕೊಂಡ ತರುವಾಯ ಆತನ ಕಾರ್ಖಾನೆಯು ಕ್ಷೀಣಿಸಿತು. ಹಳೆಯ ಕಾರುಗಳು ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿಯತೊಡಗಿದುವು. ಅವುಗಳನ್ನು ಉಳಿಸಬೇಕೆಂಬ ಹಂಬಲವು 1960ರ ಬಳಿಕ ಫ್ರಿಟ್ಜನಲ್ಲಿ ಹಟವಾಗಿ ಬೆಳೆಯಿತು. 1963ರಲ್ಲಿ ಆತನು ಬುಗಾಟಿ ಮನೆತನದ ಸ್ವಂತ ಕಾರುಗಳಲ್ಲಿ ಹದಿನೆಂಟನ್ನು ಕೊಂಡನು. ಒಟ್ಟು ಆರೇ ಆರು ತಯಾರಾಗಿದ್ದ ‘ರಾಯಲ್’ ಎಂಬ ಭಾರಿ ಮಾದರಿಯ ಕಾರೊಂದು ಅವುಗಳಲ್ಲಿತ್ತು. ಮರುವರ್ಷ ಅಮೆರಿಕದ ಸಂಗ್ರಾಹಕನೊಬ್ಬನಿಂದ ಮೂವತ್ತು ಬುಗಾಟಿಗಳನ್ನು 85,000 ಡಾಲರುಗಳಿಗೆ ಖರೀದಿಸಿದನು. ಅವು ರೈಲನ್ನೇರಿ, ಹಡಗನ್ನೇರಿ, ತಾವು ಹುಟ್ಟಿದ ಆಲ್ಸೇಸಿಗೆ ಮರಳಿದುವು. ಇತರ ಕಂಪನಿಗಳ ಕಾರುಗಳೂ ಸೇರಿ ಸಂಗ್ರಹವು ನಾನೂರನ್ನು ಮೀರಿತು. ಬುಗಾಟಿಗಳೇ ನೂರಕ್ಕೂ ಹೆಚ್ಚಾದುವು.

ಇವುಗಳಿಗಾಗಿ ಮ್ಯೂಲೂಸಿನ ಹಳೆಯ ಗಿರಣಿಯೊಂದು ರಥಶಾಲೆಯಾಗಿ ಮಾರ್ಪಟ್ಟಿತು. ರಾಟೆಗಳು ತಿರುಗುತ್ತಿದ್ದ ವಿಶಾಲವಾದ ಅಂಗಳದಲ್ಲಿ ಪ್ಯಾರಿಸಿನ ಮೂರನೆಯ ಅಲೆಕ್ಸಾಂಡರ್ ಸೇತುವೆಯ ದೀಪಗಳನ್ನು ಹೋಲುವ ನೂರಾರು ದೀಪಸ್ತಂಭಗಳು ಎದ್ದುವು. ಕುಶಲಿಗಳಾದ ಕೆಲಸಗಾರರು ಕಾರುಗಳನ್ನು ಬಿಚ್ಚಿ, ತಿದ್ದಿ, ಹೊಸತರಂತೆ ಮಾಡಿದರು. ಹೊರಗೆ ಬಾಯಿಬಿಡಬಾರದೆಂಬುದು ಅವರಿಗಿದ್ದ ಕಟ್ಟಪ್ಪಣೆ. ಮುಚ್ಚಿದ ಬಾಗಿಲಿನ ಹಿಂದಿದ್ದ ಈ ಸಂಪತ್ತನ್ನು ಕಂಡವರು ವಿರಳ. ಸೋದರರು ಈ ಸಂಗ್ರಹವನ್ನು 1957ರಲ್ಲಿ ಗತಿಸಿದ ತಮ್ಮ ತಾಯಿಯ ಸ್ಮರಣೆಗೆ ಅರ್ಪಿಸಿದರು.

ಅಷ್ಟರಲ್ಲಿ ಉಣ್ಣೆಯ ಉದ್ಯಮಕ್ಕೆ ದುಷ್ಕಾಲವೊದಗಿತು. 1976ರಲ್ಲಿ ಗಿರಣಿಗಳು ಕುಸಿದುವು, ಕೂಲಿ ನಿಂತಿತು. ಕುಪಿತರಾದ ಕಾರ್ಮಿಕರು ಒಡೆಯರ ಮನೆಯನ್ನು ಮುತ್ತಿದಾಗ, ಪೊಲೀಸರ ರಕ್ಷಣೆಯಲ್ಲಿ ಸೋದರರು ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರಿದರು. 1977ರ ಮಾರ್ಚ್ ತಿಂಗಳಿನಲ್ಲಿ ಕಾರ್ಮಿಕರು ರಥಶಾಲೆಯನ್ನು ಹೊಕ್ಕರು. ತಮಗೆ ಕೂಲಿಯಿಲ್ಲದ ದಿನಗಳಲ್ಲಿ ತಮ್ಮ ದುಡಿಮೆಯ ಫಲವು ಸಾಲುದೀಪಗಳ ಕೆಳಗೆ ಥಳಥಳಿಸುತ್ತಿದ್ದುದನ್ನು ಕಂಡ ಅವರ ಎದೆಯ ಉರಿಯನ್ನು ಗಿರಣಿಯೂರಿನವರು ಊಹಿಸಬಲ್ಲರು. ಸಿಟ್ಟಿನ ಭರದಲ್ಲಿ ಅವರು ಒಂದು ಪುಟ್ಟ ಆಸ್ಟಿನ್ ಕಾರನ್ನು ಸುಟ್ಟರು. ಆದರೆ ಉಳಿದ ಸಂಗ್ರಹವನ್ನು ಅವರು ಹಾಳುಗೆಡವಲಿಲ್ಲ. ಎರಡು ವರ್ಷಗಳ ಕಾಲ ಅದನ್ನು ಕಾಯ್ದು, ಒಡೆಯನು ಮುಚ್ಚಿಟ್ಟಿದ್ದ ಬಾಗಿಲನ್ನು ಸಾರ್ವಜನಿಕರಿಗೆ ತೆರೆದರು.

ಸಂಗ್ರಹವು ದೇಶದಿಂದ ಹೊರಹೋಗದಂತೆ 1978ರಲ್ಲಿ ಫ್ರಾನ್ಸ್ ಸರ್ಕಾರವು ಅದನ್ನು ಐತಿಹಾಸಿಕ ಸ್ಮಾರಕವೆಂದು ಸಾರಿತು. 1981ರಲ್ಲಿ ಸಾರ್ವಜನಿಕ ಸಂಸ್ಥೆಗಳು ಕೂಡಿದ ಸಂಘವೊಂದು ಅದನ್ನು 44 ದಶಲಕ್ಷ ಫ್ರಾಂಕುಗಳಿಗೆ ಕೊಂಡುಕೊಂಡಿತು. 1982ರಲ್ಲಿ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹಾನ್ಸನು 1989ರಲ್ಲಿ ಮೃತನಾದನು. ಫ್ರಿಟ್ಜನು 1992ರಲ್ಲಿ ಕಣ್ಮುಚ್ಚಿದನು. ಬಾಸೆಲಿನಿಂದ ಮ್ಯೂಲೂಸಿಗೆ ಇರುವ ದೂರವು ಸುಮಾರು ಮೂವತ್ತು ಕಿಲೋಮೀಟರು ಮಾತ್ರ. ಅಷ್ಟು ಸಮೀಪದಲ್ಲಿದ್ದೂ ತಾನು ಪ್ರಾಣದಂತೆ ಕೂಡಿಟ್ಟುದು ಆತನಿಗೆ ಅನ್ಯರದಾಗಿತ್ತು.

ಫ್ರಿಟ್ಜನು ಕೂಡಿಸದೆ ಇದ್ದಿದ್ದರೆ ಆ ಕಾರುಗಳಲ್ಲಿ ಎಷ್ಟೋ ಗುಜರಿಯ ಪಾಲಾಗುತ್ತಿದ್ದುವು; ಆ ಮಟ್ಟಿಗೆ ಲೋಕವು ಆತನಿಗೆ ಋಣಿ. ಪರರ ಕೂಲಿಗೆ ಸಂಚಕಾರ ಬಂದಾಗಲೂ ಬಾಗಿಲು ತೆರೆಯದಿದ್ದುದು ಆತನ ತಪ್ಪು. ಅದಕ್ಕೆ ತೆರಬೇಕಾದ ದಂಡವನ್ನು ಆತನು ತೆತ್ತನು. ಇಂದು ಆ ಸಂಗ್ರಹಾಲಯದ ಹೆಸರಿನೊಡನೆ ಶ್ಲುಂಫ್ ಎಂಬ ಹೆಸರೂ ಸೇರಿದೆ. ಕಾರುಗಳಿಗೆ ಜೀವಕೊಟ್ಟ, ಕಷ್ಟಕಾಲದಲ್ಲಿ ಅವನ್ನು ಕಾಯ್ದ ಕಾರ್ಮಿಕರ ಕೈಗಳನ್ನೂ ಅಲ್ಲಿಗೆ ಹೋದವರು ನೆನೆಯಬೇಕು.