ಬೈಂಡಿಂಗ್ ಅಂಗಡಿಯ ಹುಡುಗ ಮೈಕೆಲ್ ಫ್ಯಾರಡೆ

ವಿದ್ಯುತ್ ಲೋಕದ ಮಹಾನ್ ವಿಜ್ಞಾನಿ ಮೈಕೆಲ್ ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ ಹತ್ತಿರದ ನ್ಯೂಯಿಂಗ್ಟನ್‌ನಲ್ಲಿ ಜನಿಸಿದರು. ತಂದೆ ಕಮ್ಮಾರರು. ಅವರ ಆರೋಗ್ಯ ಸರಿಯಿಲ್ಲದೆ ಮನೆಯಲ್ಲಿ ಬಡತನವಿತ್ತು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಮೈಕೆಲ್ ಶಾಲೆಯಲ್ಲಿ ಕಲಿತದ್ದು.

14ನೇ ವಯಸ್ಸಿನಲ್ಲಿ ಅವರು ಜಾರ್ಜ್ ರೀಬೋ ಎಂಬವರ ಅಂಗಡಿಗೆ ಪುಸ್ತಕ ಬೈಂಡಿಂಗ್ ಕಲಿಯಲು ಸೇರಿದರು. 7 ವರ್ಷ ಅಲ್ಲಿದ್ದು, ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಓದುತ್ತಾ ವಿಜ್ಞಾನ ಕಲಿತರು. 1812ರಲ್ಲಿ ಗಿರಾಕಿಯೊಬ್ಬರು ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಬರೆದು, ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳುಹಿಸಿದರು. ಆ ನೋಟ್ಸೇ ಅವರ ಅರ್ಜಿಯಾಯಿತು. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

1821ರಲ್ಲಿ ವಿದ್ಯುತ್ತಿನಿಂದ ತಂತಿಯೊಂದು ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದರು. ಮೋಟಾರಿನ ಆರಂಭ ಇದೇ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದರು. ಜನರೇಟರ್, ಟ್ರಾನ್ಸ್‌ಫಾರ್ಮರ್, ಇಂಡಕ್ಷನ್ ಮೋಟಾರ್ ಎಲ್ಲವೂ ಈ ನಿಯಮದಿಂದಲೇ ನಡೆಯುತ್ತವೆ.

1836ರಲ್ಲಿ ಅವರು 12 ಅಡಿಯ ಚೌಕಾಕಾರದ ಕೋಣೆಯೊಂದನ್ನು ಕಟ್ಟಿ, ಅದಕ್ಕೆ ತಂತಿ ಮತ್ತು ಲೋಹದ ಹಾಳೆ ಸುತ್ತಿದರು. ಹೊರಗಿನಿಂದ ಬಲವಾದ ವಿದ್ಯುತ್ ಕೊಡಿಸಿ ತಾವು ಒಳಗೆ ಹೋದರು. ಹೊರಗೆ ಕಿಡಿ ಹಾರುತ್ತಿದ್ದರೂ ಒಳಗಿದ್ದ ಉಪಕರಣಗಳಿಗೆ ವಿದ್ಯುತ್ತಿನ ಸುಳಿವೇ ಸಿಗಲಿಲ್ಲ. ಇದೇ ಫ್ಯಾರಡೆ ಪಂಜರ.

ಇಂದು ಲಿಫ್ಟ್, ಪಂಪು, ಕಾರ್ಖಾನೆಗಳಲ್ಲಿ ಮೋಟಾರಿನ ವೇಗವನ್ನು ಬೇಕಾದಂತೆ ಬದಲಿಸಲು ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಬಳಸುತ್ತಾರೆ. ಅದು ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಆನ್-ಆಫ್ ಮಾಡುತ್ತದೆ. ಸಾಧಾರಣ ಕೇಬಲ್ ಹಾಕಿದರೆ ಅದರಿಂದ ಹೊರಡುವ ಗದ್ದಲ ಪಕ್ಕದ ಸೆನ್ಸರ್‌ಗಳ ಸಂಕೇತವನ್ನು ಕೆಡಿಸಬಹುದು. ಆದ್ದರಿಂದ ಮೋಟಾರಿಗೆ ಹೋಗುವ ಕೇಬಲ್ಲಿಗೆ ತಾಮ್ರದ ಎಳೆಗಳ ಹೆಣಿಗೆಯ ಕವಚ ಇರಬೇಕು. ಆ ಕವಚವನ್ನು ಡ್ರೈವ್ ಮತ್ತು ಮೋಟಾರ್ ಎರಡೂ ಕಡೆ, ಸುತ್ತಲೂ ಹಿಡಿಯುವ ಕ್ಲ್ಯಾಂಪಿನಿಂದ ಅರ್ಥ್ ಮಾಡಬೇಕು. ಕಂಟ್ರೋಲ್ ಕೇಬಲ್ಲಿಗೂ ತನ್ನದೇ ಕವಚವಿದ್ದು, ಅದು ಪವರ್ ಕೇಬಲ್ಲಿನಿಂದ ದೂರ ಹೋಗಬೇಕು. ಹೀಗೆ ಆ ಪಂಜರ ಕೇಬಲ್ಲಿನ ಮೈಮೇಲೆ ಬಂದಿದೆ.

ಕವಚಕ್ಕೂ ಒಂದು ಖರ್ಚಿದೆ. ನೀರಿನಲ್ಲಿ ಹಾಕಿದ ಟೆಲಿಗ್ರಾಫ್ ಕೇಬಲ್ಲಿನಲ್ಲಿ ಸಂಕೇತ ನಿಧಾನವಾಗುವುದೇಕೆಂದು 1854ರಲ್ಲಿ ಫ್ಯಾರಡೆಯವರೇ ವಿವರಿಸಿದ್ದರು. ಒಳಗೆ ತಂತಿ, ನಡುವೆ ನಿರೋಧಕ, ಹೊರಗೆ ನೀರು ಇದ್ದಾಗ ಕೇಬಲ್ಲೇ ವಿದ್ಯುತ್ ತುಂಬಿಕೊಳ್ಳುವ ಪಾತ್ರೆಯಂತಾಗುತ್ತದೆ. ನೀರಿನ ಜಾಗದಲ್ಲಿ ಲೋಹದ ಕವಚವಿದ್ದರೂ ಹಾಗೆಯೇ. ಅದಕ್ಕೇ ಡ್ರೈವಿನಿಂದ ಮೋಟಾರಿಗೆ ಕೇಬಲ್ ಎಷ್ಟು ಉದ್ದವಿರಬಹುದೆಂದು ತಯಾರಕರು ಮಿತಿ ಹಾಕುತ್ತಾರೆ.

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಲಾಭ-ನಷ್ಟ ಲೆಕ್ಕ ಹಾಕುತ್ತೇವೆ. ಕಂಪನಿಗಳಿಗೆ ಸಲಹೆ ಕೊಟ್ಟು ಫ್ಯಾರಡೆ ಶ್ರೀಮಂತರಾಗಬಹುದಿತ್ತು. ಸಂಶೋಧನೆಗೆ ಸಮಯ ಬೇಕೆಂದು 1830ರ ದಶಕದಲ್ಲಿ ಆ ಆದಾಯದ ಬಹುಪಾಲು ಬಿಟ್ಟರು. ಅವರು ದೃಢ ದೈವಭಕ್ತ ಕ್ರೈಸ್ತರು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದರೂ ಬೇಡವೆಂದರು. 1867ರ ಆಗಸ್ಟ್ 25ರಂದು ನಿಧನರಾದ ಅವರ ಸಮಾಧಿ ಲಂಡನ್ನಿನ ಹೈಗೇಟ್‌ನಲ್ಲಿ ಸರಳವಾಗಿದೆ. ಅವರ ಖಾತೆಯಲ್ಲಿ ಹಣ ಕಡಿಮೆ ಇರಬಹುದು. ಆದರೆ ತಿರುಗುವ ಪ್ರತಿಯೊಂದು ಮೋಟಾರಿಗೂ ನಾವು ಅವರಿಗೆ ಸಾಲಗಾರರು.