ಪೆಲಿಗೋ ಕಂಡ ಕೆಂಪು ಹರಳು

ಯುಜೀನ್ ಪೆಲಿಗೋ 1811ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದರು. ಅರ್ಧ ಶತಮಾನ ಕಾಲ ಯುರೇನಿಯಂ ಲೋಹವೆಂದೇ ನಂಬಲಾಗಿದ್ದ ವಸ್ತು ಅದರ ಆಕ್ಸೈಡೆಂದು 1841ರಲ್ಲಿ ತೋರಿಸಿ, ನಿಜವಾದ ಲೋಹವನ್ನು ಬೇರ್ಪಡಿಸಿದರು. 1844ರಲ್ಲಿ ಅವರು ಕ್ರೋಮಿಯಂ ಅಸಿಟೇಟನ್ನು ತಯಾರಿಸಿದರು. ಅದೇ ಬಗೆಯ ಇತರ ಕ್ರೋಮಿಯಂ ಲವಣಗಳ ದ್ರಾವಣ ನೀಲಿ. ಈ ಹರಳು ಮಾತ್ರ ಕೆಂಪು. ಕಾರಣ ತಿಳಿಯುವ ಮುನ್ನವೇ, 1890ರಲ್ಲಿ, ಅವರು ಕಾಲವಾದರು.

ಹರಳಿನ ಒಳರಚನೆಯನ್ನು ಕ್ಷ-ಕಿರಣಗಳು ತೋರಿದ್ದು 1953ರಲ್ಲಿ: ಜೋಡಿ ಕ್ರೋಮಿಯಂ ಪರಮಾಣುಗಳು, ಅವನ್ನು ಸೇತುವೆಗಳಂತೆ ಬೆಸೆದ ನಾಲ್ಕು ಅಸಿಟೇಟ್ ಗುಂಪುಗಳು. ಆ ಜೋಡಿಯ ನಡುವೆ ಚತುರ್ಬಂಧವಿದೆಯೆಂಬ ಅರಿವು 1964ರ ಬಳಿಕವೇ ಸ್ಪಷ್ಟವಾಯಿತು.

ನಾವು ಪೆಲಿಗೋ ಅವರನ್ನು ಸ್ಮರಿಸುತ್ತೇವೆ. ಅರ್ಥವಾಗದ್ದನ್ನೂ ಕಂಡಂತೆಯೇ ಬರೆದಿಡುವ ಮಗುವಿನ ಪ್ರಾಮಾಣಿಕತೆಯನ್ನು ಅಂಕಗಳಿಗಿಂತ ಮಿಗಿಲೆಂದು ನಾವು ಎಣಿಸಬೇಕಾಗಿದೆ.